ಎರಡನೇ ಲಗ್ನಕ್ಕೆ ಒಪ್ಪಿಗೆ ಇದೆ, ಪರಿಚಯಕ್ಕಿಲ್ಲ

ಪಹಣಿ ತಿದ್ದುಪಡಿ, ತಡೆಹಿಡಿದ ಪಿಂಚಣಿ, ಮಗಳ ಹಾಸ್ಟೆಲ್ ಸೀಟು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಂಥವೇ. ಈಚೆಗೆ ಇವುಗಳ ನಡುವೆ ಇನ್ನೊಂದು ಬಗೆಯ ಪತ್ರ ಸೇರಿಕೊಂಡಿದೆ. ‘ದಯಮಾಡಿ ಹೆಸರು, ಊರು ಹಾಕಬ್ಯಾಡ್ರಿ’ ಎಂಬ ವಿನಂತಿ ಅದರ ಮೊದಲ ಸಾಲಲ್ಲೇ ಇರುತ್ತದೆ. ಊರು ಹಾಕದಿದ್ದರೂ ಮಾತಿನ ಧಾಟಿ ಬಿಟ್ಟುಕೊಡುತ್ತದೆ. ವಾಡಿಯ ಕ್ವಾರ್ಟರ್ಸ್, ಚಿತ್ತಾಪುರದ ಓಣಿ, ಚಿಂಚೋಳಿ ಕಡೆಯ ತಾಂಡಾ, ಇಲ್ಲವೇ ಫರ್ಸಿ ಹಾಸಿದ ನಮ್ಮ ಶಹಾಬಾದದ್ದೇ ಯಾವುದೋ ಅಂಗಳ. ಪ್ರಶ್ನೆ ಮಾತ್ರ ಹೆಚ್ಚೂಕಡಿಮೆ ಒಂದೇ. “ಮೇಡಂರ, ಡೈವೋರ್ಸ್ ಆಗ್ಯದ. ಇನ್ನೊಂದು ಲಗ್ನ ಮಾಡ್ಕೋ ಅಂತ ಮನ್ಯಾಗ ಬೆನ್ನು ಹತ್ಯಾರ. ಒಬ್ಬಂಟಿ ಇರೋದು ನನಗೂ ಸಾಕಾಗ್ಯದ. ಆದ್ರ ಈ ಸಲ ಮನಸಿಗೆ ಹಿಡಿಸಿದವರ ಜೋಡಿನೇ ಇರಬೇಕು ಅನಸ್ತದ. ಅಂಥವರು ಸಿಗೋದು ಎಲ್ಲಿ?”

ಲಗ್ನ ಮಾಡಿಕೊಳ್ಳಬಹುದೇ ಎಂದು ಇವರು ಕೇಳುತ್ತಿಲ್ಲ, ನೋಡಿ. ಅದಕ್ಕೆ ಅಪ್ಪಣೆ ಸಿಕ್ಕಾಗಿದೆ. ಬೇಡವೆಂದರೂ ಬಿಡದಷ್ಟು ಸಿಕ್ಕಿದೆ. ಸಿಗದಿರುವುದು ಲಗ್ನಕ್ಕೆ ಮುಂಚಿನ ಒಂದಷ್ಟು ಕಾಲ. ಒಬ್ಬರನ್ನೊಬ್ಬರು ನೋಡಿ, ನಾಲ್ಕು ಸಲ ಮಾತಾಡಿ, ಹಿಡಿಸದಿದ್ದರೆ ಯಾರಿಗೂ ಅವಮಾನವಾಗದಂತೆ ಎದ್ದು ಬರುವ ಕಾಲ. ನಮ್ಮ ಕಡೆ ಅದಕ್ಕೆ ಜಾಗವೂ ಇಲ್ಲ, ಮರ್ಯಾದೆಯೂ ಇಲ್ಲ. ಡೈವೋರ್ಸ್ ಆದ ಮಗಳು ಇನ್ನೊಬ್ಬನ ಜೊತೆ ಹಸೆಮಣೆ ಏರಿದರೆ ನೆಮ್ಮದಿಯ ಉಸಿರು ಬಿಡುವ ತಂದೆಯೇ, ಅದೇ ಮನುಷ್ಯನ ಜೊತೆ ಆಕೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದದ್ದು ಕಿವಿಗೆ ಬಿದ್ದರೆ ಎರಡು ದಿನ ಊಟ ಬಿಡುತ್ತಾನೆ.

ಎರಡನೇ ಮದುವೆ ಬೆಂಗಳೂರಿನಿಂದ ಬೀಸಿದ ಹೊಸ ಗಾಳಿ ಎನ್ನುವವರು ತಮ್ಮ ಅಜ್ಜಿಯನ್ನು ಕೇಳಬೇಕು. ‘ಉಡಿಕಿ’ ಅಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸತ್ತವಳು, ಗಂಡನಿಂದ ಬಿಡುಗಡೆಯ ಸೋಡಚೀಟಿ ಪಡೆದವಳು ಮತ್ತೊಬ್ಬನ ಮನೆ ಸೇರುವ ಪದ್ಧತಿ ಅದು. ಮೈಸೂರು ಸೀಮೆಯವರು ಅದನ್ನೇ ಕೂಡಿಕೆ ಅಂದರು. ನಮ್ಮ ಭಾಗ ನಿಜಾಮರ ಕೈಯಲ್ಲಿದ್ದಾಗ, 1920ರಲ್ಲಿ, ಸೈಯದ್ ಸಿರಾಜ್ ಉಲ್ ಹಸನ್ ಎಂಬವರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಕುರಿತು ದಪ್ಪನೆಯ ಗ್ರಂಥವೊಂದನ್ನು ಹೊರತಂದರು. ಯಾವ ಸಮುದಾಯದಲ್ಲಿ ಮರುಮದುವೆ ಉಂಟು, ಯಾವುದರಲ್ಲಿ ಇಲ್ಲ, ಹೇಗೆ ನಡೆಯುತ್ತದೆ ಎಂಬ ವಿವರ ಅದರಲ್ಲಿ ಪುಟಪುಟಕ್ಕೂ ಸಿಗುತ್ತದೆ. ದುಡಿದು ಉಣ್ಣುವ ಜಾತಿಗಳಲ್ಲಿ ಅದು ನಡೆದುಕೊಂಡು ಬಂದದ್ದೇ. 1856ರಲ್ಲಿ ಬ್ರಿಟಿಷ್ ಸರ್ಕಾರ ವಿಧವಾ ಪುನರ್ವಿವಾಹದ ಕಾಯ್ದೆ ತಂದಾಗ ಮೇಲುಜಾತಿಯ ಮನೆಗಳಲ್ಲಿ ದೊಡ್ಡ ಕೋಲಾಹಲವಾಯಿತಲ್ಲ, ಆ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಉಡಿಕಿಯಾದವರ ಮೊಮ್ಮಕ್ಕಳು ಹೊಲ ಹರಗುತ್ತಿದ್ದರು.

ಆದರೆ ಉಡಿಕಿ ನಡೆಯುತ್ತಿದ್ದದ್ದು ಕತ್ತಲಾದ ಮೇಲೆ. ಬಾಜಾಬಜಂತ್ರಿ ಇಲ್ಲ, ಹಂದರ ಇಲ್ಲ. ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ಒಂದು ಹೊಸ ಸೀರೆ, ನಾಲ್ಕು ಮಂದಿ ಹಿರಿಯರು, ಮುಗಿಯಿತು. ಬೆಳಕು ಹರಿಯುವಷ್ಟರಲ್ಲಿ ಆಕೆ ಹೊಸ ಮನೆಯ ಒಲೆಯ ಮುಂದೆ ಕೂತಿರುತ್ತಿದ್ದಳು. ಮುಂದೆ ಮನೆಯಲ್ಲಿ ಶುಭಕಾರ್ಯ ನಡೆದರೆ ಆರತಿ ತಟ್ಟೆ ಹಿಡಿಯುವ ಮಾನ ಆಕೆಗಿಲ್ಲ. ನಮ್ಮ ಅಜ್ಜಿಯ ಓಣಿಯಲ್ಲಿ ಹೀಗೆ ಬಂದ ಒಬ್ಬ ಮುದುಕಿ ಇದ್ದಳು. ಕಾಲೇಜಿನ ಹುಮ್ಮಸ್ಸಿನಲ್ಲಿ ನಾನೊಮ್ಮೆ ಕೇಳಿದ್ದೆ: “ಆಯಿ, ಆ ಮನಷ್ಯಾ ನಿನಗ ಹಿಡಿಸಿದ್ನೇನು?” ಆಕೆ ಎಲೆಗೆ ಸುಣ್ಣ ಹಚ್ಚುತ್ತ ಅಂದಳು: “ಹಿಡಸೋದೇನು ಬಂತವ್ವ. ಅವನ ಮನ್ಯಾಗ ಎರಡು ಕೂಸು ಇದ್ವು, ರೊಟ್ಟಿ ಬಡಿಯವ್ರು ಇರ್ಲಿಲ್ಲ. ನನಗ ಆಸರ ಇರ್ಲಿಲ್ಲ. ಮತ್ತೇನು?”

ಕತ್ತಲು ಹೋಗಿದೆ, ಈಗ ಕಲ್ಯಾಣ ಮಂಟಪ ಬಂದಿದೆ. ರೊಟ್ಟಿ ಮತ್ತು ಆಸರದ ಲೆಕ್ಕ ಮಾತ್ರ ಹಾಗೇ ಉಳಿದಿದೆ. ಕಲಬುರಗಿಯಲ್ಲಿ ನಡೆದ ಒಂದು ವಧು-ವರರ ಸಮಾವೇಶಕ್ಕೆ ಗೆಳತಿಯೊಬ್ಬಳ ಜೊತೆ ಹೋಗಿದ್ದೆ. ‘ಪುನರ್ವಿವಾಹ’ ಎಂಬ ಬೋರ್ಡಿನ ಟೇಬಲ್ ಎಲ್ಲಿಟ್ಟಿದ್ದರು ಗೊತ್ತೇ? ಮಂಟಪದ ಹಿಂಬದಿ, ಕೈ ತೊಳೆಯುವ ನಲ್ಲಿಗಳ ಪಕ್ಕದಲ್ಲಿ. ಊಟ ಮುಗಿಸಿದವರೆಲ್ಲ ಒದ್ದೆ ಕೈ ಝಾಡಿಸುತ್ತ ನಮ್ಮನ್ನು ನೋಡಿಕೊಂಡೇ ಹೋಗುತ್ತಿದ್ದರು. ಎದುರಿಗೆ ಕೂತ ವರನ ತಾಯಿ ಗೆಳತಿಯನ್ನು ಕೇಳಿದ್ದು: ಪಗಾರ ಎಷ್ಟು? ಕೂಸು ಯಾರ ಕಡೆ ಇರ್ತದ? ಕೇಸ್ ಪೂರಾ ಮುಗಿದದೋ, ಇನ್ನೂ ಏನರೆ ಬಾಕಿ ಅದನೋ? ವರ ಮೊಬೈಲಿನಲ್ಲಿ ಏನನ್ನೋ ತಳ್ಳುತ್ತ ಕೂತಿದ್ದ. ಏಳುವಾಗ ಆ ತಾಯಿ, “ಹಂಗಾರ ಎರಡು ದಿನದಾಗ ತಿಳಸ್ರಿ” ಅಂದರು. “ಏನಂತ ತಿಳಸ್ಲಿ ಆಂಟಿ? ಅವರು ಇನ್ನೂ ಬಾಯೇ ತೆಗೆದಿಲ್ಲ” ಎಂದಳು ಗೆಳತಿ. ಆಕೆ ನಗೆಯಾಡುತ್ತಿದ್ದಾಳೆಂದು ಆ ತಾಯಿ ತಿಳಿದರು.

ಮದುವೆ ಮಾರುಕಟ್ಟೆಯ ಇನ್ನೊಂದು ಅನ್ಯಾಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಲವತ್ತರ ಗಂಡಸಿಗೆ ಮೂವತ್ತರ ಕನ್ಯೆಯನ್ನೇ ತೋರಿಸುತ್ತಾರೆ. ಮೂವತ್ತೈದರ ಹೆಂಗಸಿಗೆ ಐವತ್ತರ ವಿಧುರ, ಅವನ ಜೊತೆಗೆ ಕಾಲೇಜಿಗೆ ಹೋಗುವ ಎರಡು ಮಕ್ಕಳು. ಗಂಡಸಿನದು ಮುರಿದರೆ ‘ಪಾಪ, ಹೊಂದಾಣಿಕೆ ಆಗಲಿಲ್ಲ’. ಹೆಂಗಸಿನದು ಮುರಿದರೆ ‘ಹೊಂದಿಕೊಂಡು ಹೋಗಲಿಲ್ಲ’. ಹೀಗಿರುವಾಗ ನಮ್ಮ ಹುಡುಗಿಯರು ಹುಡುಕುವುದನ್ನೇ ಬಿಟ್ಟು, “ಸಾಕ್ರಿ, ಮಗನ್ನ ಓದಿಸಿದ್ರ ಆತು” ಅಂದುಕೊಂಡರೆ ನನಗೆ ಆಶ್ಚರ್ಯವಿಲ್ಲ. ಒಬ್ಬರೇ ಇರುವುದೂ ಮರ್ಯಾದೆಯ ಬದುಕೇ. ಆದರೆ ಅದು ಇಷ್ಟಪಟ್ಟು ಆರಿಸಿಕೊಂಡದ್ದಾಗಿರಲಿ, ದಣಿದು ಬಿದ್ದದ್ದಾಗದಿರಲಿ.

ಈ ದಾರಿ ನಾನೂ ನಡೆದದ್ದೇ. ನನ್ನ ಮೊದಲ ಮದುವೆ ಮೂವತ್ತರ ಆಜೂಬಾಜಿನಲ್ಲಿ ಮುಗಿಯಿತು, ಎರಡನೆಯದು ಆದದ್ದು ನಲವತ್ತು ದಾಟಿದ ಮೇಲೆ. ನಡುವೆ ಮನೆಯವರು, ಸಹೋದ್ಯೋಗಿಗಳು ತಂದ ಸಂಬಂಧಗಳಲ್ಲಿ ಬಹಳಷ್ಟು ಮಂದಿ ಮೊದಲ ಭೇಟಿಯಲ್ಲೇ ಹಿಂದಿನ ಹೆಂಡತಿಯ ಮೇಲೆ ಚಾರ್ಜ್‌ಶೀಟ್ ಓದಿದರು. ಆಕೆಗೆ ಅಡುಗೆ ಬರುತ್ತಿರಲಿಲ್ಲ, ಆಕೆಯ ತಾಯಿ ಸರಿ ಇರಲಿಲ್ಲ, ಆಕೆ ಫೋನ್ ಕೆಳಗಿಡುತ್ತಿರಲಿಲ್ಲ. ಈಗಿನ ನಮ್ಮವರು ಮಾತ್ರ ಕಲಬುರಗಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಬೇರೆಯೇ ಮಾತು ಹೇಳಿದರು: “ನಾ ಆಕಿ ಜೋಡಿ ಮಾತೇ ಆಡ್ತಿರ್ಲಿಲ್ರಿ. ಶಿಫ್ಟ್ ಮುಗಿಸಿ ಬಂದು ಟೀವಿ ಹಚ್ಚಿ ಕೂಡ್ತಿದ್ದೆ. ಆಕಿ ಹೋದ ಮ್ಯಾಲ ತಿಳೀತು, ಅಷ್ಟೂ ವರ್ಷ ಮನ್ಯಾಗ ಆಕಿ ಒಬ್ಬಾಕಿನೇ ಮಾತಾಡ್ಯಾಳ ಅಂತ.” ಅದನ್ನು ಕೇಳಿ ನನಗೇನೂ ಪ್ರೇಮ ಉಕ್ಕಲಿಲ್ಲ. ಇವರನ್ನು ಇನ್ನೊಂದು ಸಲ ಕಾಣಬಹುದು ಅನಿಸಿತು, ಅಷ್ಟೇ. ಮೊದಲ ಭೇಟಿಯಿಂದ ಅದಕ್ಕಿಂತ ಹೆಚ್ಚು ಬಯಸುವವರಿಗೆ ನನ್ನ ಬಳಿ ಸಲಹೆ ಇಲ್ಲ.

ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ: ಪಗಾರಕ್ಕಿಂತ ಮೊದಲು, ಹಿಂದಿನದು ಯಾಕೆ ಮುರಿಯಿತು ಎಂದು ಕೇಳಿರಿ. ಉತ್ತರದಲ್ಲಿ ತಮ್ಮ ಪಾಲಿನ ಒಂದಾದರೂ ಮಾತಿದ್ದರೆ ಮುಂದಿನ ಚಹಾಕ್ಕೆ ಒಪ್ಪಿಕೊಳ್ಳಿ. ತಪ್ಪೆಲ್ಲ ಅತ್ತ ಕಡೆಯದೇ ಆದರೆ ನಾಳೆ ಆ ಅತ್ತ ಕಡೆ ನೀವೇ ಆಗುತ್ತೀರಿ. ಇದಕ್ಕೊಂದು ಹೊರತು ಇದೆ. ಹೊಡೆತ ತಿಂದು, ಕುಡುಕನ ಕಾಟ ತಾಳಲಾರದೆ ಹೊರಬಂದವರು ‘ನನ್ನ ತಪ್ಪು ಏನಿತ್ತು’ ಎಂದು ತಡಕಾಡಬೇಕಿಲ್ಲ. ಅವರ ಬಳಿ ಅಂಥ ಉತ್ತರ ನಿರೀಕ್ಷಿಸುವವನು ಎದುರಿಗೆ ಕೂತಿದ್ದರೆ ಚಹಾದ ದುಡ್ಡು ಮೇಜಿನ ಮೇಲಿಟ್ಟು ಎದ್ದು ಬರಬೇಕು.

ಸರಿ, ಸಿಗುವುದಾದರೂ ಎಲ್ಲಿ? ನಮ್ಮಂಥ ಊರಲ್ಲಿ ಸಂಜೆ ಕೂಡಲು ಹೋಟೆಲ್ ಇಲ್ಲವೆಂದಲ್ಲ. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ನಿಮ್ಮ ಅಣ್ಣನ ಕ್ಲಾಸ್‌ಮೇಟ್ ಆಗಿರುತ್ತಾನೆ. ನಾನು ಕಣ್ಣಾರೆ ಕಂಡ ಒಂದು ಜೋಡಿಯನ್ನು ಕೂಡಿಸಿದ್ದು ರೈಲು. ನಮ್ಮಲ್ಲಿ ಕಲಬುರಗಿಗೆ ನೌಕರಿಗೆಂದು ಅಪ್-ಡೌನ್ ಮಾಡುವವರದ್ದೇ ಒಂದು ಸಂಸಾರ. ಬೆಳಗಿನ ಗಾಡಿಯಲ್ಲಿ ಅದೇ ಡಬ್ಬಿ, ಅದೇ ಸೀಟು, ಅದೇ ಮಂದಿ. ಅವರಲ್ಲಿ ಒಬ್ಬಾಕೆ ಶಾಲೆಯ ಶಿಕ್ಷಕಿ, ಇನ್ನೊಬ್ಬರು ಸರ್ಕಾರಿ ಕಚೇರಿಯ ಗುಮಾಸ್ತರು. ಇಬ್ಬರದೂ ಹಿಂದಿನ ಸಂಸಾರ ಮುರಿದದ್ದೇ. ಮೊದಮೊದಲು ಪೇಪರ್ ಹಂಚಿಕೊಂಡರು. ಆಮೇಲೆ ಶೇಂಗಾ ಚಟ್ನಿ. ಮಳೆಗಾಲದಲ್ಲಿ ಗಾಡಿ ತಡವಾಗಿ ಮರತೂರಿನ ಆಚೆ ಗಂಟೆಗಟ್ಟಲೆ ನಿಂತಾಗ, ಆತ ಯಾರ ಮೇಲೂ ರೇಗದೆ ಒಂದು ಮುದುಕಿಗೆ ಸೀಟು ಬಿಟ್ಟುಕೊಟ್ಟು ಬಾಗಿಲ ಬಳಿ ನಿಂತದ್ದನ್ನು ಆಕೆ ನೋಡಿದಳು. ಆಕೆ ಟಿಸಿಯ ಜೊತೆ ಪಾಸಿನ ವಿಷಯಕ್ಕೆ ಜಗಳ ಕಾದು ಗೆದ್ದದ್ದನ್ನು ಆತ ನೋಡಿದರು. ಶಹಾಬಾದ ಬಂತೆಂದರೆ ಒಬ್ಬರು ಮುಂದಿನ ಬಾಗಿಲಲ್ಲಿ, ಇನ್ನೊಬ್ಬರು ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದರು. ಯಾರಿಗೂ ಗೊತ್ತಿಲ್ಲವೆಂದು ಇಬ್ಬರೂ ತಿಳಿದಿದ್ದರು. ಒಂದು ದಿನ ಆತ ಬರಲಿಲ್ಲ. ಇಡೀ ಡಬ್ಬಿ ಆಕೆಯ ಕಡೆ ತಿರುಗಿ, “ಟೀಚರ್, ಸಾಹೇಬ್ರು ಇವತ್ತು ರಜಾ ಏನ್ರಿ?” ಎಂದು ಕೇಳಿತು!

ಆ ರೈಲಿನಲ್ಲಿ ಸಿಕ್ಕದ್ದು ಸಮಾವೇಶದಲ್ಲಿ ಸಿಗುವುದಿಲ್ಲ. ಇಸ್ತ್ರಿಯ ಅಂಗಿ, ಬಾಯಿಪಾಠದ ಉತ್ತರ ರೈಲಿನಲ್ಲಿ ನಡೆಯುವುದಿಲ್ಲ. ಹಸಿವಾದಾಗ, ತಡವಾದಾಗ, ಮೇಲಧಿಕಾರಿಯಿಂದ ಬೈಸಿಕೊಂಡು ಬಂದಾಗ ಮನುಷ್ಯ ಹೇಗಿರುತ್ತಾನೆಂಬುದು ತಾನಾಗೇ ಕಾಣುತ್ತದೆ. ಮೊದಲ ಮದುವೆಯಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಇದನ್ನು ನೋಡುವ ಅವಕಾಶವೇ ಇರಲಿಲ್ಲ. ಹುಡುಗಿ ತೋರಿಸುವ ಶಾಸ್ತ್ರ, ಚೂಡಾ-ಚಹಾ, ಅಕ್ಕಿಕಾಳು. ಎರಡನೆಯ ಸಲವೂ ಹಾಗೇ ಮಾಡಿದರೆ ಮೊದಲನೆಯದು ಕಲಿಸಿದ ಪಾಠವೇನು? ಆದ್ದರಿಂದ ‘ಎಲ್ಲಿ ಹುಡುಕಲಿ’ ಎನ್ನುವವರಿಗೆ ನನ್ನ ಉತ್ತರ: ಹುಡುಕುವುದಕ್ಕೆಂದೇ ಎಲ್ಲಿಗೂ ಹೋಗಬೇಡಿ. ಹೇಗೂ ಹೋಗುವ ಕಡೆ ಬಿಡದೆ ಹೋಗಿರಿ. ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮ, ಲೈಬ್ರರಿ, ನೌಕರರ ಸಂಘ, ವಚನ ಗಾಯನದ ತರಗತಿ, ಬೆಳಗಿನ ವಾಕಿಂಗು. ಅದೇ ಮಂದಿಯ ನಡುವೆ ಅದೇ ಮುಖ ಮತ್ತೆ ಮತ್ತೆ ಕಾಣುವಂತಿರಬೇಕು. ಪ್ರೀತಿ ಸಿಗದಿದ್ದರೂ ನಾಲ್ಕು ಮಂದಿ ಗೆಳೆಯರಂತೂ ಸಿಗುತ್ತಾರೆ, ಡೈವೋರ್ಸ್ ಆದ ಮೊದಲ ವರ್ಷ ಅವರೇ ಹೆಚ್ಚು ಬೇಕಾಗುವುದು.

ಇನ್ನು ಮನಸ್ಸು ಕೊಡುವ ಮೊದಲು ಕಾಗದ. ವಕೀಲರ ಮಾತು ಅಂತ ಈ ಭಾಗವನ್ನು ಹಾರಿಸಬೇಡಿ, ನಮ್ಮ ಕಡೆ ಹೆಚ್ಚು ಮಂದಿ ಎಡವುವುದು ಇಲ್ಲೇ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಚ್ಛೇದನ ಆದವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆ ಬೇರೆ ಇರುವವರು ಸುಮಾರು 35 ಲಕ್ಷ, ಹೆಚ್ಚೂಕಡಿಮೆ ಎರಡೂವರೆ ಪಟ್ಟು. ಎರಡೂ ಲೆಕ್ಕದಲ್ಲಿ ಹೆಂಗಸರೇ ಹೆಚ್ಚು. ದುಡಿಯಲು ಪುಣೆ, ಮುಂಬಯಿ, ಹೈದರಾಬಾದಿಗೆ ಹೋದ ಗಂಡ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಈಕೆ ತವರಲ್ಲಿ ಉಳಿದಳು. ಹತ್ತು ವರ್ಷ ಮುಖ ನೋಡಿಲ್ಲ, ಆದರೆ ಕಾನೂನಿನ ಕಣ್ಣಿಗೆ ಇಬ್ಬರೂ ಇನ್ನೂ ಗಂಡ-ಹೆಂಡತಿ. ಈ ಸ್ಥಿತಿಯಲ್ಲಿ ಹಿಂದೂ ಕಾಯ್ದೆಯ ಪ್ರಕಾರ ಆಗುವ ಎರಡನೇ ಮದುವೆ ಅಸಿಂಧು. ಅಷ್ಟೇ ಅಲ್ಲ, ಅದು ಅಪರಾಧವೂ ಹೌದು. ಈಗಿನ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿ ಏಳು ವರ್ಷದ ತನಕ ಶಿಕ್ಷೆ ಇದೆ. ‘ಅವನೇ ಮಾಡ್ಕೊಂಡಾನ, ನಂದೇನು’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲದು.

ಎರಡನೆಯ ಗುಂಪು ಸೋಡಚೀಟಿಯವರದು. ಎರಡೂ ಕಡೆಯ ಹಿರಿಯರು ಕೂಡಿ, ಪಂಚರ ಮುಂದೆ ಬಾಂಡ್ ಪೇಪರಿನ ಮೇಲೆ ‘ಇನ್ನು ಮುಂದೆ ಒಬ್ಬರಿಗೊಬ್ಬರು ಸಂಬಂಧವಿಲ್ಲ’ ಎಂದು ಬರೆಸಿ, ಹೆಬ್ಬೆಟ್ಟು ಒತ್ತಿಸಿ, ಈಗೀಗ ನೋಟರಿಯ ಮುದ್ರೆಯನ್ನೂ ಹಾಕಿಸುತ್ತಾರೆ. ತಾಂಡಾಗಳಲ್ಲಿ ನಾಯಕ, ಡಾವೊ, ಕಾರಭಾರಿ ಕೂತು ತೀರ್ಮಾನ ಮಾಡುವುದೂ ಇದೇ ಬಗೆಯದು. ಇದಕ್ಕೆ ಬೆಲೆಯೇ ಇಲ್ಲವೆಂದು ಕಾನೂನು ಹೇಳುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯಿಂದ ಬಂದ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ನಮ್ಮ ಸಮುದಾಯದಲ್ಲಿ ಇಂಥ ರೂಢಿ ತಲೆತಲಾಂತರದಿಂದ ಇದೆ ಎಂಬುದನ್ನು ಸಾಕ್ಷಿ ಸಮೇತ ತೋರಿಸುವ ಹೊಣೆ ಅದನ್ನು ನೆಚ್ಚಿದವರದು. ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ನೋಟರಿಯ ಮುದ್ರೆ ಆ ರೂಢಿಯನ್ನು ಹುಟ್ಟಿಸಲಾರದು. ಸೋಡಚೀಟಿ ನೆಚ್ಚಿ ಲಗ್ನವಾದ ಮೇಲೆ ಮೊದಲ ಗಂಡ ಬಂದು ಕೇಸು ಹಾಕಿದರೆ, ಆ ಚೀಟಿ ಎಷ್ಟು ಗಟ್ಟಿ ಎಂಬುದು ತಿಳಿಯಲು ವರ್ಷಗಳೇ ಬೇಕಾಗುತ್ತವೆ. ಆದ್ದರಿಂದ ಕೋರ್ಟಿನ ಡಿಕ್ರಿಯೇ ಭದ್ರ.

ಮರತೂರಿನ ಹೆಸರು ಬಂತಲ್ಲ, ಒಂದು ಸಣ್ಣ ಸುತ್ತು ಹಾಕುತ್ತೇನೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನ ಊರು ಅದೇ ಎಂಬ ಹೆಮ್ಮೆ ನಮಗಿದೆ. ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯನ್ನು ಶತಮಾನಗಳ ಕಾಲ ಆಳಿದ್ದು ಆ ಗ್ರಂಥ. ಅಂಥ ಧರ್ಮಶಾಸ್ತ್ರಗಳ ಎದುರಿಗೇ, ಅವುಗಳ ಅಪ್ಪಣೆಗೆ ಕಾಯದೆ, ಸುತ್ತಲಿನ ಹಳ್ಳಿಗಳು ಸೋಡಚೀಟಿ ಕೊಟ್ಟು ಉಡಿಕಿ ಮಾಡಿಕೊಂಡು ಬಂದವು ಎಂಬುದು ನನಗೆ ಇನ್ನೂ ಹೆಮ್ಮೆಯ ಸಂಗತಿ. ಇರಲಿ.

ಇಬ್ಬರೂ ಒಪ್ಪಿದ್ದರೆ ಡಿಕ್ರಿ ಈಗ ಮೊದಲಿನಷ್ಟು ದೂರವಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರ ತಿದ್ದುಪಡಿಯಿಂದ ಬಂತು. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಕೂಡಿ ಬಾಳುವ ಆಸೆ ಏನೂ ಉಳಿದಿಲ್ಲದಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಡಿಕ್ರಿ ಬಂದ ಮರುದಿನವೇ ಮುಹೂರ್ತ ಹುಡುಕಬೇಡಿ. ಒಪ್ಪಿಗೆಯಿಂದಲ್ಲದೆ ಹೋರಾಡಿ ಪಡೆದ ಡಿಕ್ರಿಯಾದರೆ ಮೇಲ್ಮನವಿಯ ಅವಧಿ ಮುಗಿಯಬೇಕು, ಮನವಿ ಹಾಕಿದ್ದರೆ ಅದು ವಜಾ ಆಗಬೇಕು. ಹೊಸ ಪರಿಚಯದವರ ಬಳಿ ಡಿಕ್ರಿಯ ದೃಢೀಕೃತ ನಕಲು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಟ್ಟಾಗುವವರು ಮುಂದೆ ಇನ್ನೂ ಬಹಳ ವಿಷಯಕ್ಕೆ ಸಿಟ್ಟಾಗುತ್ತಾರೆ.

ಮುಸ್ಲಿಂ ಓದುಗರ ಪತ್ರಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಅವರ ಧರ್ಮದಲ್ಲಿ ಮರುಮದುವೆಗೆ ಕಳಂಕವೇ ಇಲ್ಲ. ಪೈಗಂಬರರು ಮೊದಲು ಕೈಹಿಡಿದ ಖದೀಜಾ ವಿಧವೆಯಾಗಿದ್ದರು. ಹೈದರಾಬಾದಿನ ಉರ್ದು ಜಾಹೀರಾತುಗಳಲ್ಲಿ ‘ಅಕ್ದ್-ಎ-ಸಾನಿ’, ಅಂದರೆ ಎರಡನೇ ನಿಕಾಹ್, ಎಂದು ಮುಚ್ಚುಮರೆಯಿಲ್ಲದೆ ಹಾಕುತ್ತಾರೆ. ತಲಾಖ್ ಆದರೆ ಕಾಯಬೇಕಾದ ಇದ್ದತ್‌ನ ಸುಮಾರು ಮೂರು ತಿಂಗಳು ಮುಗಿದ ಮೇಲೆ ಹೆಣ್ಣು ಸ್ವತಂತ್ರಳು. ಆದರೂ ಓದುಗರಲ್ಲಿ ಒಬ್ಬಾಕೆ ಬರೆದದ್ದು ನೋಡಿ: “ಶರೀಅತ್‌ನಲ್ಲಿ ಅಡ್ಡಿ ಇಲ್ಲ ಮೇಡಂ, ನಮ್ಮ ಖಾಲಾಗಳದ್ದೇ ಅಡ್ಡಿ.” ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳಿ ಬಿಟ್ಟ ಪ್ರಕರಣವಾದರೆ ಮಾತ್ರ ಎಚ್ಚರ. 2019ರ ಕಾಯ್ದೆಯ ಪ್ರಕಾರ ಅಂಥ ತಲಾಖ್ ಆಗಿಯೇ ಇಲ್ಲ, ಅದು ಅಪರಾಧ. ಅದನ್ನೇ ನಂಬಿ ಮುಂದೆ ಹೋಗಬಾರದು.

ಮೊಬೈಲಿನ ಬಗ್ಗೆ ಬಹಳ ಕೇಳುತ್ತೀರಿ. ಮ್ಯಾಟ್ರಿಮೋನಿ ಆ್ಯಪ್‌ಗಳನ್ನು ನಾನು ಬೇಡ ಅನ್ನುವುದಿಲ್ಲ. ಓಣಿಯ ಕಣ್ಣಿಗೆ ಬೀಳದೆ ಮಾತಾಡಲು ಅವು ಕೊಟ್ಟ ಸಣ್ಣ ಜಾಗ ಎಷ್ಟೋ ಮಂದಿಗೆ ದೊಡ್ಡದು. ಎರಡನೇ ಸಂಬಂಧ ಹುಡುಕುವವರ ಒಂಟಿತನದ ವಾಸನೆ ಹಿಡಿದು ಬರುವ ಕಳ್ಳರೂ ಅಲ್ಲೇ ಇದ್ದಾರೆ. ವಿದೇಶದಲ್ಲಿ ಡಾಕ್ಟರ್, ಹಡಗಿನ ಇಂಜಿನಿಯರ್, ಹೆಂಡತಿ ತೀರಿಹೋದವನು. ತಿಂಗಳೊಳಗೆ ‘ನಿನಗೆ ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್‌ನವರು ಹಿಡಿದಿದ್ದಾರೆ, ದುಡ್ಡು ಕಟ್ಟು’. ಮುಖ ನೋಡದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ನಾಚಿಕೆಯಲ್ಲಿ ದಿನ ದೂಡದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಮಾತು ಹೆಚ್ಚಾಗುತ್ತದೆ, ತಡೆದುಕೊಳ್ಳುತ್ತೇನೆ. ಹೊಸ ಪರಿಚಯವನ್ನು ಮೊದಲ ತಿಂಗಳಲ್ಲೇ ಮನೆಗೆ ಕರೆದು ‘ಇವರೇ ಇನ್ನು ಮುಂದೆ ಪಪ್ಪಾ’ ಎಂದು ಮಗುವಿನ ಮುಂದೆ ನಿಲ್ಲಿಸುವುದು ಅನ್ಯಾಯ. ಅದಕ್ಕೆ ಅಪ್ಪ ಇದ್ದಾನೆ, ಎಲ್ಲೋ ಒಂದು ಕಡೆ. ಮೇಲೆ ಹೇಳಿದ ರೈಲಿನ ಟೀಚರ ಮಗ ಇವತ್ತಿಗೂ ಆ ಸಾಹೇಬರನ್ನು ಕಾಕಾ ಅನ್ನುತ್ತಾನೆ. ಶಾಲೆಯ ಪಾಲಕರ ಸಭೆಗೆ ಕಾಕಾ ಹೋಗುತ್ತಾರೆ, ಸೈಕಲ್ ಪಂಕ್ಚರ್ ಆದರೆ ಕಾಕಾ ಬೇಕು, ಗಣಿತದ ಅಂಕ ಕಡಿಮೆ ಬಿದ್ದದ್ದನ್ನು ಮೊದಲು ಹೇಳುವುದೂ ಕಾಕಾನಿಗೇ. ‘ಪಪ್ಪಾ ಅನ್ನು’ ಎಂದು ಬಂಧುಗಳು ಒತ್ತಾಯಿಸಿದಾಗ ಆತ, “ಇರ್ಲಿ ಬಿಡ್ರಿ, ಕಾಕಾ ಅಂದ್ರ ಏನು ಕಮ್ಮಿ?” ಅಂದುಬಿಟ್ಟರಂತೆ. ಕಾನೂನಿನಲ್ಲೂ ತಾಯಿಯನ್ನು ಮದುವೆಯಾದ ಮಾತ್ರಕ್ಕೆ ಆತ ಮಗುವಿನ ತಂದೆಯಾಗುವುದಿಲ್ಲ. ದತ್ತಕ ಬೇಕೆಂದರೆ ಅದಕ್ಕೆ ಬೇರೆಯೇ ಪ್ರಕ್ರಿಯೆ ಇದೆ, ಹೆತ್ತ ತಂದೆಯ ಒಪ್ಪಿಗೆಯ ಮಾತೂ ಅದರಲ್ಲಿ ಬರುತ್ತದೆ.

ಪೋಟಗಿ, ಅಂದರೆ ಜೀವನಾಂಶ, ಪಡೆಯುತ್ತಿರುವ ಹೆಂಗಸರು ತಿಳಿದಿರಬೇಕಾದ್ದು: ಮರುಮದುವೆಯಾದರೆ ನಿಮಗೆ ಬರುವ ತಿಂಗಳ ಪೋಟಗಿ ನಿಲ್ಲುತ್ತದೆ. ಮಗುವಿನದು ನಿಲ್ಲುವುದಿಲ್ಲ. ಈ ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಒಳ್ಳೆಯದು. ಕೈಯಲ್ಲಿ ನಮ್ಮದೇ ನಾಲ್ಕು ಕಾಸಿದ್ದರೆ ಪ್ರೀತಿಯನ್ನು ಪ್ರೀತಿಯಾಗಿ ನೋಡಲು ಆಗುತ್ತದೆ. ಇಲ್ಲದಿದ್ದರೆ ಆ ಮುದುಕಿಯ ಆಸರದ ಲೆಕ್ಕಕ್ಕೇ ಬಂದು ನಿಲ್ಲುತ್ತೇವೆ. ಹೊಲಿಗೆಯೋ, ಅಂಗಡಿಯೋ, ಖಾಸಗಿ ಶಾಲೆಯ ನೌಕರಿಯೋ, ಮೊದಲು ಅದು. ಗಂಡಸರಿಗೂ ಒಂದು ಮಾತು: ‘ಮಕ್ಕಳಿಗೆ ತಾಯಿ ಬೇಕು’ ಎಂದು ಸಂಬಂಧ ಹುಡುಕುವ ಮೊದಲು ರೊಟ್ಟಿ ಬಡಿಯಲು ಕಲಿಯಿರಿ. ಅದು ಬಂದ ಮೇಲೂ ಯಾರಾದರೂ ಜೊತೆಗೆ ಬೇಕೆನಿಸಿದರೆ, ಆಗ ಹುಡುಕಿದ್ದು ಜೊತೆಗಾತಿಯನ್ನು.

ಕೊನೆಗೆ ಸೇಡಂ ಕಡೆಯ ಒಬ್ಬ ನಿವೃತ್ತರು. ಡೈವೋರ್ಸ್ ಆಗಿ ಬಹಳ ವರ್ಷವಾಗಿದೆ. ನವೆಂಬರಿನಲ್ಲಿ ಪಿಂಚಣಿಯ ಲೈಫ್ ಸರ್ಟಿಫಿಕೇಟ್ ಕೊಡುವ ಸಾಲಿನಲ್ಲಿ ನಿವೃತ್ತ ನರ್ಸ್ ಒಬ್ಬರ ಪರಿಚಯವಾಯಿತು. ಈಗ ದಿನಾ ಫೋನ್, ಆಗಾಗ ಭೇಟಿ. ಲಗ್ನದ ಮಾತು ಎತ್ತಿದ್ದೇ ತಡ ಮಗ, “ಊರ ಮುಂದ ಮಾರಿ ಹ್ಯಾಂಗ ತೋರಿಸ್ಲಿ” ಎಂದು ಕೂಗಾಡಿದನಂತೆ. ನಾನು ಕೇಳಿದೆ, ಹೊಲ ಎಷ್ಟಿದೆ? ತೊಗರಿ ಬೆಳೆಯುವ ಹೊಲ, ಊರಲ್ಲಿ ಒಂದು ಮನೆ. ಮಗನ ಸಿಟ್ಟಿನ ಅರ್ಧ ಭಾಗ ಅಲ್ಲಿರುತ್ತದೆ. ಕಾನೂನಿನಂತೆ ಆದ ಎರಡನೇ ಹೆಂಡತಿ, ಉಯಿಲು ಬರೆಯದೆ ಗಂಡ ತೀರಿದರೆ, ಅವನ ಆಸ್ತಿಯಲ್ಲಿ ಮಕ್ಕಳ ಸಮ ಪಾಲಿಗೆ ಹಕ್ಕುದಾರಳು. ಹುಡುಗನಿಗೆ ಇದು ಗೊತ್ತಿದೆ, ಬಾಯಿಬಿಟ್ಟು ಹೇಳಲಾರ. ‘ನಿಮ್ಮ ಪಾಲಿನ ಆಸ್ತಿ ಯಾರಿಗೆ ಎಷ್ಟು ಎಂದು ಆ ನರ್ಸಮ್ಮನವರಿಗೂ ತಿಳಿಸಿ, ಉಯಿಲು ಬರೆದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಆಮೇಲೆ ಮಗನ ಜೊತೆ ಕೂತು ಮಾತಾಡಿ’ ಎಂದು ಬರೆದಿದ್ದೆ. ಹೋದ ವಾರ ಅವರೇ ಫೋನ್ ಮಾಡಿದ್ದರು. “ವಿಲ್ ರಿಜಿಸ್ಟರ್ ಮಾಡ್ಸೀನ್ರಿ ಮೇಡಂರ. ಆಕಿ ‘ನನಗ ನಿಮ್ಮ ಹೊಲ ಏನ್ ಮಾಡೋದದ’ ಅಂತ ಬೈದಳು. ಮಗ ಇನ್ನೂ ಮಾರಿ ತಿರುವ್ಯಾನ. ಸೊಸಿ ಮಾತ್ರ ನಿನ್ನೆ ರಾತ್ರಿ ಅಡಗಿಮನ್ಯಾಗಿಂದ ಬಂದು, ‘ಮಾವ, ಕೂಸಿಗಿ ಜ್ವರ ಇಳಿವಲ್ದು, ಆ ಸಿಸ್ಟರ್ ನಂಬರ್ ಕೊಡ್ರಿ’ ಅಂದಳು ನೋಡ್ರಿ.”